ಮಂಜಿನ ಕಡಲಿನಿಂದ ಮರಳಿ ಬಂದವರು

ಅರ್ನೆಸ್ಟ್ ಶ್ಯಾಕಲ್‌ಟನ್ (1874–1922)

ಮಕ್ಕಳೇ, ನಿಮ್ಮ ಶಾಲೆಯ ಗ್ಲೋಬನ್ನು ಮೇಲೆತ್ತಿ ಅದರ ತಳಭಾಗವನ್ನು ನೋಡಿ. ಬಿಳಿ ಬಣ್ಣದ ಒಂದು ದೊಡ್ಡ ಖಂಡ ಕಾಣುತ್ತದಲ್ಲವೇ? ಅದೇ ಅಂಟಾರ್ಕ್ಟಿಕ. ಅದು ನಮ್ಮ ಭಾರತದ ನಾಲ್ಕು ಪಟ್ಟಿಗಿಂತಲೂ ದೊಡ್ಡದು. ಅದರ ಬಹುಪಾಲು ನೆಲ ದಪ್ಪನೆಯ ಮಂಜುಗಡ್ಡೆಯ ಅಡಿಯಲ್ಲಿ ಹುದುಗಿದೆ. ಅಲ್ಲಿ ಊರಿಲ್ಲ, ಹೊಲವಿಲ್ಲ, ಮರವಿಲ್ಲ. ನಮಗೆ ಡಿಸೆಂಬರ್‌ನಲ್ಲಿ ಚಳಿಗಾಲವಾದರೆ ಅಲ್ಲಿ ಆಗ ಬೇಸಿಗೆ. ನಮಗೆ ಮುಂಗಾರು ಮಳೆ ಸುರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿ ಕಡು ಚಳಿಗಾಲ. ಖಂಡದ ಒಳಭಾಗದಲ್ಲಿ ಆಗ ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ.

ಇಂತಹ ಜಾಗದಲ್ಲಿ, ಹಡಗು ಒಡೆದು ಮುಳುಗಿದ ಮೇಲೆ 28 ಮಂದಿ ಮಂಜಿನ ಮೇಲೆ ನಿಂತಿದ್ದರು. ರೇಡಿಯೋ ಮೂಲಕ ಸುದ್ದಿ ಕಳಿಸುವಂತಿರಲಿಲ್ಲ. ಅವರು ಎಲ್ಲಿದ್ದಾರೆಂದು ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೂ ಆ 28 ಮಂದಿಯೂ ಜೀವಂತವಾಗಿ ಹಿಂದಿರುಗಿದರು. ಅವರ ನಾಯಕನೇ ಅರ್ನೆಸ್ಟ್ ಶ್ಯಾಕಲ್‌ಟನ್. ಆತನ ಬದುಕಿನ ಕಥೆಯನ್ನು ಈಗ ತಿಳಿಯೋಣ. ಅದರ ಜೊತೆಗೆ, ಅವರನ್ನು ಕಾಪಾಡಿದ ವಿಜ್ಞಾನ ಯಾವುದು ಎಂಬುದನ್ನೂ ನೋಡೋಣ.

ಹಡಗು ಹತ್ತಿದ ಹುಡುಗ

ಶ್ಯಾಕಲ್‌ಟನ್ 1874ರ ಫೆಬ್ರವರಿ 15ರಂದು ಐರ್ಲೆಂಡಿನ ಕಿಲ್ಕೀ ಎಂಬ ಹಳ್ಳಿಯಲ್ಲಿ ಜನಿಸಿದ. ಹತ್ತು ಮಕ್ಕಳಲ್ಲಿ ಆತ ಎರಡನೆಯವನು. ತಂದೆ ಮೊದಲು ಬೇಸಾಯ ಮಾಡುತ್ತಿದ್ದರು. ಆಮೇಲೆ ವೈದ್ಯಕೀಯ ಓದಿ ಡಾಕ್ಟರಾದರು. ಕುಟುಂಬ 1884ರಲ್ಲಿ ಲಂಡನ್ನಿಗೆ ಬಂತು. ಮಗನೂ ತಮ್ಮಂತೆ ವೈದ್ಯನಾಗಲಿ ಎಂಬುದು ತಂದೆಯ ಆಸೆ. ಆದರೆ ಹುಡುಗನಿಗೆ ಕಡಲಿನ ಹುಚ್ಚು. 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಒಂದು ಹಾಯಿಹಡಗಿನಲ್ಲಿ ಕೆಲಸಕ್ಕೆ ಸೇರಿದ. ಕಟ್ಟುನಿಟ್ಟಾದ ದುಡಿಮೆಯ ನಡುವೆಯೇ ನೌಕಾ ಪರೀಕ್ಷೆಗಳಿಗೆ ಓದಿಕೊಂಡು, 1898ರಲ್ಲಿ ಹಡಗಿನ ನಾಯಕನಾಗುವ ಅರ್ಹತೆಯ ಪತ್ರ ಪಡೆದ.

1901ರಲ್ಲಿ ರಾಬರ್ಟ್ ಸ್ಕಾಟ್ ಎಂಬಾತನ ನೇತೃತ್ವದ 'ಡಿಸ್ಕವರಿ' ಯಾತ್ರೆಗೆ ಶ್ಯಾಕಲ್‌ಟನ್ ಆಯ್ಕೆಯಾದ. ಸ್ಕಾಟ್, ವಿಲ್ಸನ್ ಮತ್ತು ಶ್ಯಾಕಲ್‌ಟನ್ ಮೂವರೂ 1902ರ ಕೊನೆಯಲ್ಲಿ, ಅಲ್ಲಿಯವರೆಗೆ ಯಾರೂ ಹೋಗದಷ್ಟು ದಕ್ಷಿಣಕ್ಕೆ ನಡೆದುಹೋದರು. ಆದರೆ ದಾರಿಯಲ್ಲಿ ಮೂವರಿಗೂ ಸ್ಕರ್ವಿ ರೋಗ ಬಂತು. ಶ್ಯಾಕಲ್‌ಟನ್‌ಗೆ ಅದು ಹೆಚ್ಚು ಕಾಡಿತು. ಕೆಮ್ಮಿ ಕೆಮ್ಮಿ ನಿತ್ರಾಣನಾದ. 1903ರಲ್ಲಿ ಅವನನ್ನು ಊರಿಗೆ ಹಿಂದಕ್ಕೆ ಕಳಿಸಲಾಯಿತು. ಈ ರೋಗದ ವಿಚಾರವನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಗುರಿ ಹತ್ತಿರವಿದ್ದಾಗ ಹಿಂದಿರುಗಿದ

ನಾಲ್ಕು ವರ್ಷಗಳ ನಂತರ, 1907ರಲ್ಲಿ, ಶ್ಯಾಕಲ್‌ಟನ್ ತನ್ನದೇ ತಂಡ ಕಟ್ಟಿಕೊಂಡು 'ನಿಮ್ರೋಡ್' ಎಂಬ ಹಡಗಿನಲ್ಲಿ ಹೊರಟ. ಈ ಸಲ ದಕ್ಷಿಣ ಧ್ರುವವನ್ನು ಮುಟ್ಟಲೇಬೇಕೆಂಬ ಹಂಬಲ. ಆತನೂ ಇನ್ನು ಮೂವರೂ ಸೇರಿ ನಾಲ್ವರು ಹಿಮದ ಮೇಲೆ ತಿಂಗಳುಗಟ್ಟಲೆ ನಡೆದರು. 1909ರ ಜನವರಿ 9ರಂದು ಅವರು 88 ಡಿಗ್ರಿ 23 ಮಿನಿಟ್ ದಕ್ಷಿಣ ಅಕ್ಷಾಂಶವನ್ನು ತಲುಪಿದರು. ಧ್ರುವ ಇನ್ನು ಸುಮಾರು 180 ಕಿಲೋಮೀಟರ್ ಮಾತ್ರ! ಬೆಂಗಳೂರಿನಿಂದ ಹಾಸನಕ್ಕೆ ಇರುವಷ್ಟೇ ದೂರ.

ಇಲ್ಲಿ ನಿಂತು ಶ್ಯಾಕಲ್‌ಟನ್ ಒಂದು ಲೆಕ್ಕ ಹಾಕಿದ. ಉಳಿದ ಆಹಾರ ಎಷ್ಟು? ದಿನಕ್ಕೆ ಎಷ್ಟು ದೂರ ನಡೆಯಬಲ್ಲೆವು? ಮುಂದಕ್ಕೆ ಹೋಗಲು ಎಷ್ಟು ದಿನ, ಹಿಂದಕ್ಕೆ ಬರಲು ಎಷ್ಟು ದಿನ? ನಿಮ್ಮ ಐದನೇ ತರಗತಿಯ ಗುಣಾಕಾರ, ಭಾಗಾಕಾರವೇ ಸಾಕಾಗುವ ಲೆಕ್ಕ ಅದು. ಉತ್ತರ ಸ್ಪಷ್ಟವಾಗಿತ್ತು. ಧ್ರುವವನ್ನು ಮುಟ್ಟಬಹುದು, ಆದರೆ ಜೀವಂತವಾಗಿ ಹಿಂದಿರುಗಲು ಆಗದು. ಆತ ಬಾವುಟ ನೆಟ್ಟು ಹಿಂದಕ್ಕೆ ತಿರುಗಿದ. ದಾರಿಯಲ್ಲಿ ಹಸಿವಿನಿಂದ ಬಳಲಿದ್ದ ಗೆಳೆಯ ಫ್ರ್ಯಾಂಕ್ ವೈಲ್ಡ್‌ಗೆ ತನ್ನ ಪಾಲಿನ ಒಂದೇ ಒಂದು ಬಿಸ್ಕತ್ತನ್ನು ಒತ್ತಾಯಮಾಡಿ ತಿನ್ನಿಸಿದ. ನಾಲ್ವರೂ ಬದುಕಿ ಬಂದರು. ಇಂಗ್ಲೆಂಡಿನ ದೊರೆ ಆತನಿಗೆ 'ಸರ್' ಪದವಿ ಕೊಟ್ಟ.

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ್ದು ನಾರ್ವೆಯ ಅಮುಂಡ್‌ಸೆನ್ ತಂಡ, 1911ರ ಡಿಸೆಂಬರ್ 14ರಂದು. ಒಂದು ತಿಂಗಳ ನಂತರ ಸ್ಕಾಟ್ ಕೂಡ ತಲುಪಿದ. ಆದರೆ ಹಿಂದಿರುಗುವ ದಾರಿಯಲ್ಲಿ ಆತನೂ ಅವನ ನಾಲ್ವರು ಸಂಗಾತಿಗಳೂ ಪ್ರಾಣ ಬಿಟ್ಟರು. ಮೂರು ವರ್ಷ ಮೊದಲು ಶ್ಯಾಕಲ್‌ಟನ್ ಹಾಕಿದ ಲೆಕ್ಕದ ಬೆಲೆ ಎಷ್ಟೆಂದು ಈಗ ನಿಮಗೆ ತಿಳಿಯಿತೇ?

ಐದು ಸಾವಿರ ಅರ್ಜಿಗಳು

ಧ್ರುವವನ್ನು ಬೇರೆಯವರು ಮುಟ್ಟಿಯಾಗಿತ್ತು. ಹಾಗಾದರೆ ಇನ್ನೇನು ಉಳಿದಿದೆ? ಅಂಟಾರ್ಕ್ಟಿಕ ಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ನಡೆದು ದಾಟುವುದು! ಸುಮಾರು 2900 ಕಿಲೋಮೀಟರ್ ದಾರಿ. ಶ್ಯಾಕಲ್‌ಟನ್ ಈ ಯೋಜನೆಯನ್ನು ಪ್ರಕಟಿಸಿದಾಗ ತಾವೂ ಬರುತ್ತೇವೆಂದು ಸುಮಾರು 5000 ಮಂದಿ ಅರ್ಜಿ ಹಾಕಿದರು. ಅಪಾಯ ಎಷ್ಟೆಂದು ಗೊತ್ತಿದ್ದೂ ತಾವಾಗಿಯೇ ಮುಂದೆ ಬಂದವರು ಇವರು.

ಜನರನ್ನು ಆರಿಸುವಾಗ ಆತ ಶಕ್ತಿ, ವಿದ್ಯೆ ಇವಷ್ಟನ್ನೇ ನೋಡಲಿಲ್ಲ. ಭೌತವಿಜ್ಞಾನಿ ರೆಜಿನಾಲ್ಡ್ ಜೇಮ್ಸ್‌ನನ್ನು ಸಂದರ್ಶನಕ್ಕೆ ಕರೆದು, ನಿನಗೆ ಹಾಡಲು ಬರುತ್ತದೆಯೇ ಎಂದು ವಿಚಾರಿಸಿದನಂತೆ. ಕಷ್ಟದ ದಿನಗಳಲ್ಲಿ ಹತ್ತಾರು ಜನರ ಜೊತೆ ಹೊಂದಿಕೊಂಡು ನಗುನಗುತ್ತಾ ಇರಬಲ್ಲವನೇ ಎಂಬುದು ಆ ಪ್ರಶ್ನೆಯ ಅರ್ಥ. ತಂಡದಲ್ಲಿ ನಾವಿಕರು, ಬಡಗಿ, ಅಡುಗೆಯವನು, ಇಬ್ಬರು ವೈದ್ಯರು, ಛಾಯಾಗ್ರಾಹಕ ಇದ್ದರು. ಭೂವಿಜ್ಞಾನ, ಜೀವವಿಜ್ಞಾನ, ಹವಾಮಾನ ವಿಜ್ಞಾನಗಳನ್ನು ಬಲ್ಲವರೂ ಇದ್ದರು.

ಹೆಣ್ಣುಮಕ್ಕಳು ಮೂವರು ಸೇರಿ ಒಂದು ಅರ್ಜಿ ಹಾಕಿದ್ದರು. ಆ ಕಾಲದಲ್ಲಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಾಲ ಬದಲಾಯಿತು. 1983ರಲ್ಲಿ ಹೊರಟ ಭಾರತದ ಮೂರನೆಯ ಅಂಟಾರ್ಕ್ಟಿಕ ತಂಡದಲ್ಲಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಅಲ್ಲಿಗೆ ಹೋಗಿ ಸಂಶೋಧನೆ ನಡೆಸಿದರು.

ಹಡಗಿನ ಹೆಸರು 'ಎಂಡ್ಯೂರೆನ್ಸ್'. ತಾಳಿಕೆ, ಸಹನೆ ಎಂದು ಅದರ ಅರ್ಥ. ಅದು 44 ಮೀಟರ್ ಉದ್ದದ ಮರದ ಹಡಗು. 1914ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಬಂದರಿನಿಂದ ಹೊರಟಾಗ ಪರ್ಸ್ ಬ್ಲ್ಯಾಕ್‌ಬರೊ ಎಂಬ ತರುಣ ಕದ್ದು ಹಡಗು ಹತ್ತಿ ಅವಿತು ಕುಳಿತಿದ್ದ. ಸಿಕ್ಕಿಬಿದ್ದಾಗ ಹಡಗು ಬಹಳ ದೂರ ಬಂದಾಗಿತ್ತು. ಹೀಗೆ ತಂಡ 28 ಮಂದಿಯದಾಯಿತು. ಜೊತೆಗೆ ಜಾರುಬಂಡಿ ಎಳೆಯಲು 69 ನಾಯಿಗಳಿದ್ದವು.

ಸೆರೆಸಿಕ್ಕ ಹಡಗು

ದಕ್ಷಿಣ ಜಾರ್ಜಿಯ ಎಂಬ ದ್ವೀಪದಲ್ಲಿ ತಿಮಿಂಗಿಲ ಬೇಟೆಗಾರರ ಠಾಣೆಗಳಿದ್ದವು. ಈ ವರ್ಷ ಕಡಲಿನಲ್ಲಿ ಮಂಜುಗಡ್ಡೆ ಬಹಳ ಹೆಚ್ಚಾಗಿದೆಯೆಂದು ಅವರು ಎಚ್ಚರಿಸಿದರು. ಒಂದು ತಿಂಗಳು ಕಾದು, 1914ರ ಡಿಸೆಂಬರ್ 5ರಂದು ಹಡಗು ವೆಡೆಲ್ ಸಮುದ್ರದತ್ತ ಹೊರಟಿತು. ಖಂಡದ ದಡ ಇನ್ನೊಂದು ದಿನದ ಪ್ರಯಾಣವಷ್ಟೇ ಎನ್ನುವಾಗ, 1915ರ ಜನವರಿ 19ರ ವೇಳೆಗೆ, ಹಡಗಿನ ಸುತ್ತ ಮಂಜುಗಡ್ಡೆಗಳು ಒತ್ತಾಗಿ ಕೂಡಿಕೊಂಡವು. ಹಡಗು ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು.

ಉಪ್ಪುನೀರು ಹೇಗೆ ಹೆಪ್ಪುಗಟ್ಟುತ್ತದೆ ಎಂದು ನೀವು ಕೇಳಬಹುದು. ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಸಮುದ್ರದ ನೀರಿಗೆ ಇನ್ನೂ ಹೆಚ್ಚು ಚಳಿ ಬೇಕು. ಅದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಗಡ್ಡೆಯಾಗುತ್ತದೆ. ಮಂಜುಗಡ್ಡೆ ನೀರಿಗಿಂತ ಹಗುರ. ಆದ್ದರಿಂದ ತೇಲುತ್ತದೆ. ತೇಲುವ ಈ ಬೃಹತ್ ಹಾಸುಗಳನ್ನು ಗಾಳಿ ಮತ್ತು ಸಮುದ್ರದ ಪ್ರವಾಹಗಳು ತಳ್ಳುತ್ತಾ ಸಾಗುತ್ತವೆ. ಹಡಗೂ ಅವುಗಳ ಜೊತೆಯಲ್ಲೇ ತೇಲಿಹೋಯಿತು.

ಮೇ ತಿಂಗಳಲ್ಲಿ ಸೂರ್ಯ ಮುಳುಗಿದವನು ಮತ್ತೆ ಕಾಣಿಸಿಕೊಂಡಿದ್ದು ಜುಲೈ ಕೊನೆಯಲ್ಲಿ. ಆ ಕತ್ತಲಲ್ಲಿ ಶ್ಯಾಕಲ್‌ಟನ್ ಎಲ್ಲರಿಗೂ ಕೆಲಸ ಹಂಚಿದ. ನಾಯಿಗಳ ಓಟ, ಫುಟ್‌ಬಾಲ್, ಹಾಡು, ನಾಟಕ ಎಲ್ಲವೂ ನಡೆದವು. ಅಧಿಕಾರಿಗಳೂ ವಿಜ್ಞಾನಿಗಳೂ ನಾವಿಕರೊಂದಿಗೆ ನೆಲ ಉಜ್ಜಬೇಕಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಮಂಜಿನ ಹಾಸುಗಳು ಒಂದನ್ನೊಂದು ತಳ್ಳತೊಡಗಿದವು. ಗಾಣದಲ್ಲಿ ಸಿಕ್ಕ ಕಬ್ಬಿನಂತಾಯಿತು ಹಡಗಿನ ಸ್ಥಿತಿ. ನಾರ್ವೆಯ ಪ್ರಸಿದ್ಧ 'ಫ್ರಾಮ್' ಹಡಗಿನ ತಳ ಬೋಗುಣಿಯಂತೆ ದುಂಡಗಿತ್ತು. ಒತ್ತಡ ಬಿದ್ದಾಗ ಅದು ಮೇಲಕ್ಕೆ ಜಾರಿಕೊಳ್ಳುತ್ತಿತ್ತು. ಎಂಡ್ಯೂರೆನ್ಸ್‌ನ ತಳ ಅಷ್ಟು ದುಂಡಗಿರಲಿಲ್ಲ. ಮರದ ತೊಲೆಗಳು ಮುರಿದು ನೀರು ಒಳನುಗ್ಗಿತು. 1915ರ ಅಕ್ಟೋಬರ್ 27ರಂದು ಎಲ್ಲರೂ ಹಡಗು ಬಿಟ್ಟು ಮಂಜಿನ ಮೇಲೆ ಇಳಿದರು. ನವೆಂಬರ್ 21ರಂದು ಅದು ಮುಳುಗಿಹೋಯಿತು.

ಮಂಜಿನ ಮೇಲೆ ಬಾಳು

ಖಂಡ ದಾಟುವ ಕನಸು ಅಲ್ಲಿಗೆ ಮುಗಿಯಿತು. ಶ್ಯಾಕಲ್‌ಟನ್ ಅದಕ್ಕಾಗಿ ಅಳುತ್ತಾ ಕೂರಲಿಲ್ಲ. ಅಂದಿನಿಂದ ಆತನಿಗೆ ಒಂದೇ ಗುರಿ. ಎಲ್ಲರನ್ನೂ ಜೀವಂತವಾಗಿ ಮನೆಗೆ ಸೇರಿಸಬೇಕು.

ಒಬ್ಬೊಬ್ಬರೂ ಒಂದು ಕಿಲೋಗ್ರಾಮಿಗಿಂತ ಕಡಿಮೆ ಸ್ವಂತ ಸಾಮಾನು ಇಟ್ಟುಕೊಳ್ಳಬೇಕೆಂದು ಆಜ್ಞೆಯಾಯಿತು. ಶ್ಯಾಕಲ್‌ಟನ್ ತಾನೇ ಮೊದಲಿಗನಾಗಿ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದ. ಅಲ್ಲಿ ಚಿನ್ನದಿಂದ ಏನು ಕೊಳ್ಳಲು ಸಾಧ್ಯ? ಆದರೆ ಹವಾಮಾನ ತಜ್ಞ ಹಸ್ಸಿಯ ಬ್ಯಾಂಜೊ ಎಂಬ ತಂತಿವಾದ್ಯವನ್ನು ಮಾತ್ರ ಉಳಿಸಿಕೊಳ್ಳಲು ಹೇಳಿದ. ಅದು ಮನಸ್ಸಿಗೆ ಔಷಧಿ ಎಂಬುದು ಆತನ ಎಣಿಕೆ. ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿಯ ಬಳಿ ಗಾಜಿನ ಫಲಕಗಳ ಮೇಲೆ ತೆಗೆದ ನೂರಾರು ಚಿತ್ರಗಳಿದ್ದವು. ಅವುಗಳಲ್ಲಿ ಸುಮಾರು 120ನ್ನು ಆರಿಸಿ, ಉಳಿದ ಸುಮಾರು 400ನ್ನು ಅಲ್ಲೇ ಒಡೆದುಹಾಕಿದರು. ಇಟ್ಟುಕೊಂಡರೆ ಮತ್ತೆ ಆಸೆಯಾಗಬಹುದಲ್ಲವೇ?

ಮಲಗುವ ಚೀಲಗಳಲ್ಲಿ 18 ಮಾತ್ರ ಬೆಚ್ಚನೆಯ ತುಪ್ಪುಳದವು. ಉಳಿದವು ಉಣ್ಣೆಯವು. ಯಾರಿಗೆ ಯಾವುದೆಂದು ಚೀಟಿ ಎತ್ತಿದರು. ತುಪ್ಪುಳದ ಚೀಲಗಳೆಲ್ಲ ಸಾಮಾನ್ಯ ನಾವಿಕರ ಪಾಲಾದವು. ಶ್ಯಾಕಲ್‌ಟನ್ ಮತ್ತು ಹಿರಿಯ ಅಧಿಕಾರಿಗಳಿಗೆ ಉಣ್ಣೆಯವೇ ಬಂದವು. ಇದು ಅದೃಷ್ಟವಲ್ಲ, ಬೇಕೆಂದೇ ಮಾಡಿದ ಏರ್ಪಾಡು ಎಂದು ನಾವಿಕರಿಗೆ ಅರ್ಥವಾಯಿತು. ಊಟ ಬಡಿಸುವಾಗಲೂ ಒಂದು ಕ್ರಮವಿತ್ತು. ಬಡಿಸುವವನು ಒಂದು ಪಾಲನ್ನು ತೋರಿಸಿದಾಗ, ಅದನ್ನು ನೋಡದಂತೆ ಬೆನ್ನು ತಿರುಗಿಸಿ ಕುಳಿತ ಇನ್ನೊಬ್ಬ ಯಾರದಾದರೂ ಹೆಸರು ಹೇಳಬೇಕು. ಆ ಪಾಲು ಅವನಿಗೆ. ಹೀಗಾಗಿ ಪಾಲಿನ ಬಗ್ಗೆ ಜಗಳವೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆಯೂ ಇದನ್ನು ಮಾಡಿ ನೋಡಬಹುದು!

ಏನು ತಿಂದರು? ಏನು ಕುಡಿದರು?

ಹಡಗಿನಿಂದ ಉಳಿಸಿಕೊಂಡ ಹಿಟ್ಟು, ಸಕ್ಕರೆ, ಒಣ ಆಹಾರ ಬಹಳ ದಿನ ಬಾಳುವಂತಿರಲಿಲ್ಲ. ಅವರು ಸೀಲ್ ಮತ್ತು ಪೆಂಗ್ವಿನ್‌ಗಳನ್ನು ಬೇಟೆಯಾಡಿದರು. ಮಾಂಸ ಊಟಕ್ಕಾಯಿತು. ಸೀಲಿನ ಚರ್ಮದಡಿಯ ದಪ್ಪ ಕೊಬ್ಬು ಒಲೆಗೆ ಉರುವಲಾಯಿತು, ದೀಪಕ್ಕೆ ಎಣ್ಣೆಯಾಯಿತು. ಕೊನೆಗೆ ನಾಯಿಗಳಿಗೆ ಹಾಕಲು ಆಹಾರ ಸಾಲದೆ, ಸಾಕಿದ ಕೈಯಿಂದಲೇ ಅವುಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಆ ದಿನ ಹಲವರು ಬಹಳ ದುಃಖಪಟ್ಟರು.

ಸ್ಕರ್ವಿ ರೋಗ ನೆನಪಿದೆಯೇ? ವಸಡು ಊದಿ ರಕ್ತ ಬರುವುದು, ಹಲ್ಲು ಸಡಿಲವಾಗುವುದು, ಕೀಲು ನೋವು, ಹಳೆಯ ಗಾಯಗಳು ಮತ್ತೆ ಬಿರಿಯುವುದು ಇದರ ಲಕ್ಷಣಗಳು. ಆಹಾರದಲ್ಲಿ ಸಿ ಜೀವಸತ್ವ ಇಲ್ಲದಿದ್ದರೆ ಈ ರೋಗ ಬರುತ್ತದೆ. ನಮಗಾದರೋ ನೆಲ್ಲಿಕಾಯಿ, ನಿಂಬೆ, ಸೀಬೆ, ನುಗ್ಗೆಸೊಪ್ಪು ಎಲ್ಲವೂ ಸಿಗುತ್ತವೆ. ಹಣ್ಣು, ಸೊಪ್ಪು ಏನೂ ಬೆಳೆಯದ ಮಂಜಿನ ಮೇಲೆ ಅವರಿಗೆ ಈ ಜೀವಸತ್ವ ಎಲ್ಲಿಂದ ಬಂತು? ತಾಜಾ ಮಾಂಸದಿಂದ! ಹೆಚ್ಚು ಬೇಯಿಸದ ತಾಜಾ ಮಾಂಸದಲ್ಲೂ ಸ್ವಲ್ಪ ಸಿ ಜೀವಸತ್ವ ಇರುತ್ತದೆ. ಡಬ್ಬಿಯಲ್ಲಿಟ್ಟ ಹಳೆಯ ಮಾಂಸದಲ್ಲಿ ಅದು ನಾಶವಾಗಿರುತ್ತದೆ. ಸಿ ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿ ಗುರುತಿಸಿದ್ದು 1930ರ ಆಸುಪಾಸಿನಲ್ಲಿ. ಶ್ಯಾಕಲ್‌ಟನ್‌ಗೆ ಅದರ ಹೆಸರು ತಿಳಿದಿರಲಿಲ್ಲ. ಆದರೆ ತಾಜಾ ಮಾಂಸ ತಿಂದವರಿಗೆ ಸ್ಕರ್ವಿ ಬರುವುದಿಲ್ಲವೆಂಬುದು ಅನುಭವದಿಂದ ತಿಳಿದಿತ್ತು.

ಕುಡಿಯುವ ನೀರಿನ ವಿಚಾರವೂ ಸೋಜಿಗದ್ದೇ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪಿನ ಹೆಚ್ಚು ಭಾಗ ಗಡ್ಡೆಯಿಂದ ಹೊರಗುಳಿಯುತ್ತದೆ. ಉಳಿದ ಉಪ್ಪುನೀರೂ ತಿಂಗಳುಗಳು ಕಳೆದಂತೆ ಸಣ್ಣ ಸಂದುಗಳ ಮೂಲಕ ಕೆಳಕ್ಕೆ ಇಳಿದುಹೋಗುತ್ತದೆ. ಹೀಗಾಗಿ ಹಳೆಯ ಸಮುದ್ರದ ಮಂಜನ್ನು ಕರಗಿಸಿದರೆ ಕುಡಿಯಬಹುದಾದ ಸಿಹಿನೀರು ಸಿಗುತ್ತದೆ. ಸುತ್ತಲೂ ಉಪ್ಪಿನ ಕಡಲು, ಕಾಲ ಕೆಳಗೆ ಸಿಹಿನೀರಿನ ಗಡ್ಡೆ!

ಪುಟ್ಟ ದೋಣಿ, ದೊಡ್ಡ ಕಡಲು

ಮಂಜಿನ ಹಾಸು ಉತ್ತರಕ್ಕೆ ತೇಲುತ್ತಾ ಬಂದಂತೆ ಕರಗಿ ಒಡೆಯತೊಡಗಿತು. 1916ರ ಏಪ್ರಿಲ್ 9ರಂದು ಅವರು ಮೂರು ದೋಣಿಗಳನ್ನು ನೀರಿಗಿಳಿಸಿದರು. ನಿದ್ದೆಯಿಲ್ಲದೆ, ನೆನೆದ ಬಟ್ಟೆಯಲ್ಲಿ, ಹೆಪ್ಪುಗಟ್ಟಿದ ಕೈಗಳಿಂದ ಹುಟ್ಟುಹಾಕುತ್ತಾ ಏಪ್ರಿಲ್ 15ರಂದು ಎಲಿಫೆಂಟ್ ದ್ವೀಪವನ್ನು ಸೇರಿದರು. 497 ದಿನಗಳ ನಂತರ ಅವರ ಪಾದಗಳು ಗಟ್ಟಿ ನೆಲವನ್ನು ಮುಟ್ಟಿದವು.

ಆದರೆ ಅದು ನಿರ್ಜನ ದ್ವೀಪ. ಅತ್ತ ಯಾವ ಹಡಗೂ ಬರುವುದಿಲ್ಲ. ಯಾರಾದರೂ ಹೋಗಿ ಸಹಾಯ ತರಲೇಬೇಕು. ಎಲ್ಲಿಗೆ ಹೋಗುವುದು? ದಕ್ಷಿಣ ಅಮೆರಿಕದ ತುದಿ ಹತ್ತಿರವಿತ್ತು. ಆದರೆ ಆ ಕಡಲಿನಲ್ಲಿ ಗಾಳಿ ಸದಾ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಎದುರು ಗಾಳಿಯಲ್ಲಿ ಹೋಗಲಾಗದು. ಪೂರ್ವದಿಕ್ಕಿಗೆ ಸುಮಾರು 1300 ಕಿಲೋಮೀಟರ್ ದೂರದಲ್ಲಿ ದಕ್ಷಿಣ ಜಾರ್ಜಿಯ ಇತ್ತು. ದೂರ ಹೆಚ್ಚು, ಆದರೆ ಗಾಳಿ ಅನುಕೂಲ. ಶ್ಯಾಕಲ್‌ಟನ್ ಅದನ್ನೇ ಆರಿಸಿಕೊಂಡ.

'ಜೇಮ್ಸ್ ಕೇರ್ಡ್' ಎಂಬ ದೋಣಿಯ ಉದ್ದ ಏಳು ಮೀಟರಿಗಿಂತ ಸ್ವಲ್ಪ ಕಡಿಮೆ. ಬಡಗಿ ಮ್ಯಾಕ್‌ನಿಶ್ ಅದರ ಅಂಚುಗಳನ್ನು ಎತ್ತರಿಸಿದ. ಪೆಟ್ಟಿಗೆಯ ಹಲಗೆ, ಜಾರುಬಂಡಿಯ ಪಟ್ಟಿ, ಹಾಯಿಬಟ್ಟೆಗಳಿಂದ ಮೇಲೆ ಹೊದಿಕೆ ಮಾಡಿದ. ಸಂದುಗಳನ್ನು ಚಿತ್ರಕಾರನ ಎಣ್ಣೆ ಬಣ್ಣ ಮತ್ತು ಸೀಲಿನ ರಕ್ತದಿಂದ ಮುಚ್ಚಿದ. ದೋಣಿ ಮಗುಚದಂತೆ ತಳದಲ್ಲಿ ಕಲ್ಲು ತುಂಬಿದರು. ಭಾರ ಕೆಳಗಿದ್ದಷ್ಟೂ ದೋಣಿಯ ಗುರುತ್ವಕೇಂದ್ರ ಕೆಳಗಿರುತ್ತದೆ, ದೋಣಿ ಸ್ಥಿರವಾಗಿರುತ್ತದೆ.

ಏಪ್ರಿಲ್ 24ರಂದು ಶ್ಯಾಕಲ್‌ಟನ್, ವರ್ಸ್ಲಿ, ಕ್ರೀನ್, ಮ್ಯಾಕ್‌ನಿಶ್, ಮೆಕಾರ್ಥಿ, ವಿನ್ಸೆಂಟ್ ಎಂಬ ಆರು ಮಂದಿ ಹೊರಟರು. ಒಂದು ತಿಂಗಳಿಗಾಗುವಷ್ಟು ಆಹಾರ ಮಾತ್ರ ಜೊತೆಗಿತ್ತು. ಮೂವರು ದೋಣಿ ನಡೆಸುವಾಗ ಮೂವರು ಒದ್ದೆ ಚೀಲಗಳಲ್ಲಿ ಮಲಗುವರು. ದೋಣಿಯ ಮೇಲೆ ಸಿಡಿದ ನೀರು ಮಂಜಾಗಿ ಕಟ್ಟಿಕೊಂಡು ಭಾರ ಹೆಚ್ಚಿದಾಗ, ಜಾರುವ ಹೊದಿಕೆಯ ಮೇಲೆ ತೆವಳಿ ಅದನ್ನು ಒಡೆದು ಹಾಕಬೇಕು. ಇಲ್ಲವಾದರೆ ದೋಣಿ ಮುಳುಗುವುದು ಖಂಡಿತ.

ದಾರಿ ತಿಳಿಯುವುದು ಹೇಗೆ? ವರ್ಸ್ಲಿಯ ಬಳಿ ಸೆಕ್ಸ್‌ಟಂಟ್ ಎಂಬ ಉಪಕರಣವಿತ್ತು. ಅದರಿಂದ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆಂದು ಅಳೆಯಬಹುದು. ಮಧ್ಯಾಹ್ನದ ಸೂರ್ಯನ ಎತ್ತರದಿಂದ ಅಕ್ಷಾಂಶ ತಿಳಿಯುತ್ತದೆ. ನಿಖರವಾದ ಗಡಿಯಾರದ ನೆರವಿನಿಂದ ರೇಖಾಂಶ ತಿಳಿಯುತ್ತದೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ. ಗ್ರೀನಿಚ್ ಸಮಯಕ್ಕೂ ನಮ್ಮ ಸ್ಥಳದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ತಿಳಿದರೆ ರೇಖಾಂಶ ಸಿಕ್ಕಿದಂತೆ. ಆದರೆ ಮೋಡದ ಮರೆಯಿಂದಾಗಿ ಆ ಇಡೀ ಪಯಣದಲ್ಲಿ ವರ್ಸ್ಲಿಗೆ ಸೂರ್ಯನನ್ನು ಅಳೆಯಲು ಸಿಕ್ಕಿದ್ದು ನಾಲ್ಕೇ ಸಲ. ಕುಣಿಯುವ ದೋಣಿಯಲ್ಲಿ ಇಬ್ಬರು ಅವನನ್ನು ಹಿಡಿದುಕೊಳ್ಳಬೇಕಿತ್ತು. ಲೆಕ್ಕ ಸ್ವಲ್ಪ ತಪ್ಪಿದರೂ ದ್ವೀಪವನ್ನು ದಾಟಿ ಅಟ್ಲಾಂಟಿಕ್ ಸಾಗರದ ಪಾಲಾಗುತ್ತಿದ್ದರು. ಲೆಕ್ಕ ತಪ್ಪಲಿಲ್ಲ. ಮೇ 10ರಂದು ದೋಣಿ ದಕ್ಷಿಣ ಜಾರ್ಜಿಯದ ದಡ ಮುಟ್ಟಿತು.

ಬೆಟ್ಟ ದಾಟಿದ ಮೂವರು

ಅವರು ಸೇರಿದ್ದು ದ್ವೀಪದ ನಿರ್ಜನವಾದ ದಡ. ಠಾಣೆಗಳಿದ್ದದ್ದು ಇನ್ನೊಂದು ಬದಿಯಲ್ಲಿ. ನಡುವೆ ಯಾರೂ ದಾಟಿರದ ಹಿಮದ ಬೆಟ್ಟಸಾಲು. ದೋಣಿ ಹಾಳಾಗಿತ್ತು. ಇಬ್ಬರು ನಡೆಯಲಾರದಷ್ಟು ಬಳಲಿದ್ದರು. ಮೇ 19ರ ನಸುಕಿನ ಮೂರು ಗಂಟೆಗೆ ಶ್ಯಾಕಲ್‌ಟನ್, ವರ್ಸ್ಲಿ, ಕ್ರೀನ್ ಹೊರಟರು. ಅವರ ಬಳಿ ಇದ್ದದ್ದು ಒಂದು ಹಗ್ಗ, ಬಡಗಿಯ ಒಂದು ಬಾಚಿ, ಒಂದು ಸಣ್ಣ ಒಲೆ, ಮೂರು ದಿನದ ಆಹಾರ. ಡೇರೆ ಇರಲಿಲ್ಲ. ಜಾರದಂತೆ ಬೂಟಿನ ಅಡಿಗೆ ದೋಣಿಯಿಂದ ಕಿತ್ತ ತಿರುಪುಮೊಳೆಗಳನ್ನು ಹೊಡೆದುಕೊಂಡಿದ್ದರು. ಘರ್ಷಣೆಯ ಪಾಠ ನಿಮಗೆ ನೆನಪಾಗುತ್ತಿರಬೇಕು!

ಒಂದು ಕಡೆ ಕತ್ತಲಾಗುತ್ತಾ ಬಂತು. ಎತ್ತರದಲ್ಲೇ ಉಳಿದರೆ ಚಳಿಗೆ ಸಾಯುವುದು ನಿಶ್ಚಯ. ಹಗ್ಗವನ್ನು ಸುರುಳಿ ಸುತ್ತಿ ಅದರ ಮೇಲೆ ಮೂವರೂ ಒಬ್ಬರ ಹಿಂದೆ ಒಬ್ಬರು ಕುಳಿತು ಕಡಿದಾದ ಇಳಿಜಾರಿನಲ್ಲಿ ಸರ್ರನೆ ಜಾರಿದರು. ಇನ್ನೊಮ್ಮೆ ಗೆಳೆಯರಿಬ್ಬರೂ ಕುಳಿತಲ್ಲೇ ನಿದ್ದೆಹೋದಾಗ ಶ್ಯಾಕಲ್‌ಟನ್ ಎಚ್ಚರವಾಗಿದ್ದು ಐದು ನಿಮಿಷಕ್ಕೇ ಅವರನ್ನು ಎಬ್ಬಿಸಿದ, ಅರ್ಧ ಗಂಟೆ ಮಲಗಿದಿರೆಂದು ಹೇಳಿದ. ಆ ಚಳಿಯಲ್ಲಿ ಮೂವರೂ ಮಲಗಿದ್ದರೆ ಮತ್ತೆ ಏಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ದೂರದ ಠಾಣೆಯ ಕೂಗುಸೀಟಿ ಕೇಳಿಸಿತು. ಹೊರಗಿನ ಮನುಷ್ಯರ ಸದ್ದು ಕೇಳಿ ಒಂದೂವರೆ ವರ್ಷವಾಗಿತ್ತು! 36 ಗಂಟೆ ನಡೆದು ಅವರು ಸ್ಟ್ರಾಮ್ನೆಸ್ ಠಾಣೆಯನ್ನು ತಲುಪಿದರು. ಗಡ್ಡ, ಮಸಿ, ಹರಕು ಬಟ್ಟೆಯ ಅವರನ್ನು ಕಂಡು ಎದುರಾದ ಮಕ್ಕಳು ಹೆದರಿ ಓಡಿದರಂತೆ.

ದೋಣಿಯ ಕೆಳಗಿನ ಮನೆ

ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಮಂದಿ ಏನು ಮಾಡಿದರು? ಮೊದಲಿನ ಯಾತ್ರೆಯಲ್ಲಿ ಬಿಸ್ಕತ್ತು ಪಡೆದ ಫ್ರ್ಯಾಂಕ್ ವೈಲ್ಡ್ ಈಗ ಅವರ ನಾಯಕ. ಉಳಿದಿದ್ದ ಎರಡು ದೋಣಿಗಳನ್ನು ಕಲ್ಲಿನ ಗೋಡೆಯ ಮೇಲೆ ಬೋರಲು ಹಾಕಿ ಅದರ ಕೆಳಗೆ ವಾಸಮಾಡಿದರು. ಬ್ಲ್ಯಾಕ್‌ಬರೊನ ಎಡಗಾಲಿನ ಬೆರಳುಗಳು ಚಳಿಗೆ ಕೊಳೆತಾಗ, ಇಬ್ಬರು ವೈದ್ಯರು ಆ ದೋಣಿಯ ಸೂರಿನ ಕೆಳಗೇ ಕ್ಲೋರೋಫಾರ್ಮ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಹುಡುಗ ಬದುಕಿದ. ವೈಲ್ಡ್ ಪ್ರತಿದಿನ ಬೆಳಿಗ್ಗೆ ಎಲ್ಲರೂ ಹಾಸಿಗೆ ಸುತ್ತಿ ಸಿದ್ಧರಾಗಬೇಕೆಂದು ಹೇಳುತ್ತಿದ್ದ. ಇಂದೇ ನಾಯಕ ಬರಬಹುದು ಎಂಬ ನಂಬಿಕೆ ಅವನದು.

ನಾಯಕ ಬರಲು ಪ್ರಯತ್ನಿಸುತ್ತಲೇ ಇದ್ದ. ಮೂರು ಸಲ ಬೇರೆ ಬೇರೆ ಹಡಗುಗಳಲ್ಲಿ ಹೊರಟರೂ ಮಂಜುಗಡ್ಡೆ ದಾರಿ ಬಿಡಲಿಲ್ಲ. ನಾಲ್ಕನೆಯ ಸಲ ಚಿಲಿ ದೇಶದ 'ಯೆಲ್ಚೊ' ಎಂಬ ಸಣ್ಣ ಹಡಗಿನಲ್ಲಿ, ಕ್ಯಾಪ್ಟನ್ ಲೂಯಿಸ್ ಪಾರ್ಡೊ ಜೊತೆ ಹೊರಟು, 1916ರ ಆಗಸ್ಟ್ 30ರಂದು ದ್ವೀಪ ತಲುಪಿದ. ದಡದಲ್ಲಿ ನಿಂತವರನ್ನು ದೂರದಿಂದಲೇ ಆತಂಕದಿಂದ ಎಣಿಸಿದ. 22 ಮಂದಿಯೂ ಇದ್ದರು! ಶ್ಯಾಕಲ್‌ಟನ್ ಅವರನ್ನು ಬಿಟ್ಟು ಹೋಗಿ ಅಂದಿಗೆ 128 ದಿನಗಳಾಗಿದ್ದವು.

ಖಂಡದ ಇನ್ನೊಂದು ಬದಿಯಲ್ಲಿ

ಈ ಕಥೆಯನ್ನು ಇಲ್ಲಿಗೇ ಮುಗಿಸುವವರು ಹಲವರು. ಆದರೆ ಮಕ್ಕಳೇ, ನಾವು ಪೂರ್ತಿ ತಿಳಿಯಬೇಕು. ಖಂಡ ದಾಟಿ ಬರುವವರಿಗಾಗಿ ಇನ್ನೊಂದು ಬದಿಯಿಂದ ದಾರಿಯುದ್ದಕ್ಕೂ ಆಹಾರ ಇಟ್ಟುಬರಲು ಶ್ಯಾಕಲ್‌ಟನ್ 'ಅರೋರಾ' ಹಡಗಿನಲ್ಲಿ ಮತ್ತೊಂದು ತಂಡವನ್ನು ಕಳಿಸಿದ್ದ. ಬಿರುಗಾಳಿಗೆ ಆ ಹಡಗು ಕೊಚ್ಚಿಹೋಗಿ, ಹತ್ತು ಮಂದಿ ದಡದಲ್ಲೇ ಉಳಿದರು. ಇತ್ತ ಎಂಡ್ಯೂರೆನ್ಸ್ ಮುಳುಗಿದ್ದು ಅವರಿಗೆ ತಿಳಿಯದು. ನಾವು ಆಹಾರ ಇಡದಿದ್ದರೆ ಬರುವವರು ಸಾಯುತ್ತಾರೆಂದು, ಸ್ಕರ್ವಿಯಿಂದ ನರಳುತ್ತಲೇ ನೂರಾರು ಕಿಲೋಮೀಟರ್ ನಡೆದು ಆಹಾರ ಇಟ್ಟುಬಂದರು. ಆ ಆಹಾರ ತಿನ್ನಲು ಯಾರೂ ಬರಲಿಲ್ಲ. ಸ್ಪೆನ್ಸರ್ ಸ್ಮಿತ್ ಸ್ಕರ್ವಿಗೆ ಬಲಿಯಾದ. ಮ್ಯಾಕಿಂಟಾಶ್ ಮತ್ತು ಹೇವರ್ಡ್ ತೆಳುವಾದ ಸಮುದ್ರದ ಮಂಜಿನ ಮೇಲೆ ನಡೆದುಹೋಗಿ ಕಣ್ಮರೆಯಾದರು. ಉಳಿದವರು ತಾಜಾ ಸೀಲ್ ಮಾಂಸ ತಿಂದು ಚೇತರಿಸಿಕೊಂಡರು. 1917ರ ಜನವರಿಯಲ್ಲಿ ಶ್ಯಾಕಲ್‌ಟನ್ ಹಡಗಿನಲ್ಲಿ ಬಂದು ಆ ಏಳು ಮಂದಿಯನ್ನು ಕರೆದೊಯ್ದ.

ಶ್ಯಾಕಲ್‌ಟನ್‌ನ ಎಲ್ಲ ನಿರ್ಧಾರಗಳೂ ಸರಿಯೆಂದು ಹೇಳುವಂತಿಲ್ಲ. ದೋಣಿಯನ್ನು ಕಡಲಿಗೆ ತಕ್ಕಂತೆ ಮಾಡಿದ ಬಡಗಿ ಮ್ಯಾಕ್‌ನಿಶ್‌ಗೆ ಧ್ರುವ ಪದಕ ಸಿಗಲಿಲ್ಲ. ಮಂಜಿನ ಮೇಲೆ ಒಮ್ಮೆ ಆತ ನಾಯಕನ ಆಜ್ಞೆಗೆ ಎದುರಾಡಿದ್ದ. ಶ್ಯಾಕಲ್‌ಟನ್ ಅದನ್ನು ಮರೆಯಲಿಲ್ಲ.

ಕೊನೆಯ ಪಯಣ

ಅವರು ಹಿಂದಿರುಗಿದಾಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಮಂಜಿನಿಂದ ಪಾರಾಗಿ ಬಂದವರಲ್ಲಿ ಇಬ್ಬರು ಯುದ್ಧದಲ್ಲಿ ಮಡಿದರು. ಶ್ಯಾಕಲ್‌ಟನ್ 1921ರಲ್ಲಿ 'ಕ್ವೆಸ್ಟ್' ಹಡಗಿನಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟ. ಸಾಲ ಬೆಟ್ಟದಷ್ಟಿತ್ತು. ಆರೋಗ್ಯ ಕೆಟ್ಟಿತ್ತು. 1922ರ ಜನವರಿ 5ರಂದು ದಕ್ಷಿಣ ಜಾರ್ಜಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಆಗ ವಯಸ್ಸು 47. ಹೆಂಡತಿ ಎಮಿಲಿಯ ಇಚ್ಛೆಯಂತೆ ಮಾರ್ಚ್ 5ರಂದು ಅದೇ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ ಆತನನ್ನು ಮಣ್ಣು ಮಾಡಿದರು. ಗೆಳೆಯ ಫ್ರ್ಯಾಂಕ್ ವೈಲ್ಡ್‌ನ ಚಿತಾಭಸ್ಮವನ್ನು 2011ರಲ್ಲಿ ಆ ಸಮಾಧಿಯ ಪಕ್ಕದಲ್ಲೇ ಇಡಲಾಯಿತು.

ಖಂಡ ದಾಟುವ ಆತನ ಕನಸು ಈಡೇರಿದ್ದು 1958ರಲ್ಲಿ. ವಿವಿಯನ್ ಫುಕ್ಸ್ ತಂಡ ಯಂತ್ರವಾಹನಗಳಲ್ಲಿ 99 ದಿನಗಳಲ್ಲಿ ಅದನ್ನು ಸಾಧಿಸಿತು. ಇನ್ನೊಂದು ಬದಿಯಿಂದ ಅವರಿಗೆ ನೆರವಾದವರು ಯಾರು ಗೊತ್ತೇ? ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ!

2022ರ ಮಾರ್ಚ್ 5ರಂದು, ಅಂದರೆ ಶ್ಯಾಕಲ್‌ಟನ್‌ನನ್ನು ಮಣ್ಣು ಮಾಡಿ ಸರಿಯಾಗಿ ನೂರು ವರ್ಷ ತುಂಬಿದ ದಿನ, ವಿಜ್ಞಾನಿಗಳು ನೀರಿನಡಿ ಚಲಿಸುವ ಯಂತ್ರದ ಸಹಾಯದಿಂದ ಎಂಡ್ಯೂರೆನ್ಸ್ ಹಡಗನ್ನು ಪತ್ತೆಮಾಡಿದರು. ಅದು 3008 ಮೀಟರ್ ಆಳದಲ್ಲಿ ನೆಟ್ಟಗೆ ನಿಂತಿತ್ತು. ಹಿಂಭಾಗದ ಹೆಸರನ್ನು ಈಗಲೂ ಓದಬಹುದು. ಮರವನ್ನು ಕೊರೆದು ತಿನ್ನುವ ಹುಳುಗಳು ಆ ತಣ್ಣನೆಯ ಕಡಲಿನಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಹುಡುಕಲು ಎಲ್ಲಿಂದ ಆರಂಭಿಸಿದರು ಗೊತ್ತೇ? 1915ರಲ್ಲಿ ವರ್ಸ್ಲಿ ಸೆಕ್ಸ್‌ಟಂಟ್ ಹಿಡಿದು ಬರೆದಿಟ್ಟ ಅಕ್ಷಾಂಶ, ರೇಖಾಂಶಗಳಿಂದ. ಹಡಗು ಸಿಕ್ಕಿದ್ದು ಅಲ್ಲಿಂದ ಕೇವಲ ಏಳೆಂಟು ಕಿಲೋಮೀಟರ್ ದೂರದಲ್ಲಿ. ಮನೆಮಠವಿಲ್ಲದೆ ಮಂಜಿನ ಮೇಲೆ ನಿಂತಾಗಲೂ ಅಳತೆಯನ್ನು ನಿಷ್ಠೆಯಿಂದ ಬರೆದಿಟ್ಟವರ ಶ್ರಮ ನೂರು ವರ್ಷದ ನಂತರ ಫಲಕೊಟ್ಟಿತು.

ಮಾಡಿ ನೋಡಿ, ಚರ್ಚಿಸಿ

1. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಏಳು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿಯ ಚಿತ್ರ ಬರೆಯಿರಿ. ಅದರೊಳಗೆ ಆರು ಮಂದಿ, ಅವರ ಆಹಾರ, ನೀರಿನ ಪೀಪಾಯಿ, ಒಲೆ, ಕಲ್ಲುಗಳಿಗೆ ಜಾಗ ಹಂಚಿರಿ. ಈ ಜಾಗದಲ್ಲಿ 17 ದಿನ ಕಳೆಯುವುದು ಹೇಗಿರಬಹುದು?

2. ಮುಚ್ಚಳವಿರುವ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಬಕೆಟ್ ನೀರಿನಲ್ಲಿ ಅಡ್ಡಲಾಗಿ ತೇಲಿಬಿಟ್ಟು ಬೆರಳಿನಿಂದ ಉರುಳಿಸಿ. ಆಮೇಲೆ ಒಳಗೆ ಹತ್ತಾರು ಸಣ್ಣ ಕಲ್ಲುಗಳನ್ನು ಹಾಕಿ ಮತ್ತೆ ಉರುಳಿಸಿ. ಏನು ವ್ಯತ್ಯಾಸ ಕಂಡಿತು? ಏಕೆ?

3. ಒಂದೇ ಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳನ್ನು ತನ್ನಿ. ಒಂದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿಡಿ, ಇನ್ನೊಂದನ್ನು ಹಾಗೇ ಇಡಿ. ಯಾವುದು ಮೊದಲು ಕರಗುತ್ತದೆಂದು ಮೊದಲೇ ಊಹಿಸಿ ಬರೆದಿಡಿ. ಉಣ್ಣೆ ನಮ್ಮನ್ನು ಬೆಚ್ಚಗಿಡುವುದಕ್ಕೂ ಇದಕ್ಕೂ ಏನು ಸಂಬಂಧ?

4. ಕಡಲಿನಲ್ಲಿ ನಿಮಗೆ ಸೂರ್ಯ ನೆತ್ತಿಯ ಮೇಲೆ ಬಂದಾಗ, ಗ್ರೀನಿಚ್ ಸಮಯ ತೋರಿಸುವ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆಯಾಗಿದೆ ಎಂದುಕೊಳ್ಳಿ. ನೀವು ಸುಮಾರು ಎಷ್ಟನೇ ರೇಖಾಂಶದಲ್ಲಿದ್ದೀರಿ? ಗ್ರೀನಿಚ್‌ಗೆ ಪೂರ್ವದಲ್ಲೋ, ಪಶ್ಚಿಮದಲ್ಲೋ?

5. ಮ್ಯಾಕ್‌ನಿಶ್‌ಗೆ ಪದಕ ಸಿಗದಿದ್ದುದು ಸರಿಯೇ? ಧ್ರುವಕ್ಕೆ 180 ಕಿಲೋಮೀಟರ್ ಇರುವಾಗ ಹಿಂದಿರುಗಿದ್ದು ಸೋಲೇ? ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ. ನಿಮ್ಮ ಅಭಿಪ್ರಾಯಕ್ಕೆ ಕಾರಣವನ್ನು ಹೇಳಲು ಮರೆಯಬೇಡಿ.